ಮಾದನಕುಪ್ಪೆಯ ಅರವತ್ತೆರಡು ಗುರುತು

ಹುಣಸೂರು
3 ಆಗಸ್ಟ್ 1927

ರಜಾಕ್,

ಕವರಿನ ಮೇಲಿನ ಅಕ್ಷರ ನೋಡಿಯೇ ಕಾಗದವನ್ನು ಪಕ್ಕಕ್ಕೆ ಎಸೆಯಬೇಡ. ಇದು ಕೆಲಸದ ವಿಷಯ.

ಚುನಾವಣೆ ಮುಗಿದು ಆರು ತಿಂಗಳಾಯಿತು. ನಾನು ವಿಟ್‌ಕೂಂಬ್ ಕಂಪನಿಯ ಮೋಟಾರಿನಲ್ಲಿ ಕುಳಿತು ಓಟು ಕೇಳಲು ಬಂದ ದಿನ, ಕೋಟೆಯ ತಾಲ್ಲೂಕು ಕಚೇರಿ ಜಗಲಿಯ ಮೇಲೆ ನೀನು ಎಲ್ಲರೆದುರಿಗೆ "ಏನ್ಲಾ ಶಿವನಂಜ, ಗಾಡಿ ನಿಂದೋ, ಗಾಡಿಗೆ ನೀನೋ?" ಎಂದು ಕೇಳಿದೆ. ಜನ ನಕ್ಕರು. ಆ ಮೇಲೆ ನಾವಿಬ್ಬರೂ ಮಾತಾಡಿಲ್ಲ. ಇರಲಿ.

ಕಂಪನಿಯವರು ಲಂಡನ್ನಿನಿಂದ ಬಂದವರು, ನಿನಗೆ ಗೊತ್ತು. ನಿಮ್ಮ ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯಲು ಮೂರು ಸಾವಿರ ಎಕರೆ ಗೋಮಾಳವನ್ನೂ ಅದರೊಳಗೆ ಹರಿಯುವ ಹಳ್ಳವನ್ನೂ ಅರವತ್ತು ವರ್ಷದ ಗುತ್ತಿಗೆಗೆ ಕೇಳುತ್ತಿದ್ದಾರೆ. ಬೆಂಗಳೂರಿನ ದಂಡಿನಲ್ಲಿರುವ ದೊಡ್ಡ ದೊರೆಗಳ ಶಿಫಾರಸೂ ಇದೆ. ಆದರೆ ಸರ್ಕಾರ ಒಂದು ಷರತ್ತು ಹಾಕಿದೆ: ಹೊರಗಿನವರ ಒತ್ತಾಯಕ್ಕೆ ಕೊಟ್ಟಂತೆ ಕಾಣಬಾರದು, ಆ ಜಾಗದ ರೈತರೇ ಬೇಡಬೇಕು, ಆ ಬೇಡಿಕೆ ದಸರಾ ಸಮಯದ ಪ್ರಜಾಪ್ರತಿನಿಧಿ ಸಭೆಯಲ್ಲಿ ತಾಲ್ಲೂಕಿನ ಮೆಂಬರನ ಬಾಯಿಂದ ಬರಬೇಕು. ವಕೀಲಿ ಹುಣಸೂರಿನಲ್ಲಾದರೂ, ನಿಮ್ಮ ತಾಲ್ಲೂಕಿನ ಮೆಂಬರು ನಾನು.

ಸುತ್ತಲಿನ ಏಳು ಹಳ್ಳಿಯವರು ದನಕ್ಕೆ ಮೇವಿಲ್ಲವಾಗುತ್ತದೆಂದು ಗುರುತು ಹಾಕಲು ಒಪ್ಪಲಿಲ್ಲ. ಗೋಮಾಳದ ನಡುವೆಯೇ ಇರುವ ಮಾದನಕುಪ್ಪೆಯವರು ಮಾತ್ರ ಒಪ್ಪಿದ್ದಾರೆ. ಅರವತ್ತೆರಡು ಮನೆ ಯಜಮಾನರ ಗುರುತಿರುವ ಅರ್ಜಿಯನ್ನು ಕಂಪನಿಯ ಏಜೆಂಟ್ ದೊರೆ ತಾವೇ ತಂದುಕೊಟ್ಟರು.

ಆ ಊರಿಗೆ ನಾನು ಹೋದ ನೆನಪಿಲ್ಲ. ಅರ್ಜಿ ಬರೆದವನು ತನ್ನ ಹೆಸರು ಹಾಕುವ ಬಿಕ್ಕಲಂ ಸಾಲಿನಲ್ಲಿ ನಿನ್ನ ಹೆಸರಿದೆ. ಕಂಪನಿಯ ಮೋಟಾರನ್ನು ಕಂಡರೆ ಮುಖ ತಿರುಗಿಸುವ ನೀನು ಕಂಪನಿಯ ಅರ್ಜಿ ಬರೆದದ್ದು ಹೇಗೆ ಎಂದು ತಿಳಿಯಬೇಕಾಗಿದೆ.

ಶಿವನಂಜಪ್ಪ

---

ಹೆಗ್ಗಡದೇವನಕೋಟೆ
8 ಆಗಸ್ಟ್ 1927

ಮೆಂಬರ್ ಶಿವನಂಜಪ್ಪನವರಿಗೆ,

ತಮ್ಮ ಕಾಗದ ತಲುಪಿತು. ಕೇಳಿದ್ದಕ್ಕೆ ಉತ್ತರ ಇಷ್ಟು.

ಮಾದನಕುಪ್ಪೆ ಎಂಬ ಗ್ರಾಮ ಕಂದಾಯದ ಲೆಕ್ಕದಲ್ಲಿ ಇದೆ. ನೆಲದ ಮೇಲೆ ಇಲ್ಲ. ಹದಿನೆಂಟನೇ ಇಸವಿಯ ಜ್ವರದಲ್ಲಿ ಆ ಊರು ಖಾಲಿಯಾಯಿತು. ಅಂದಿನಿಂದ ಅದು ಬೇಚಿರಾಕ್ ಗ್ರಾಮ, ಅಂದರೆ ಜನವಸತಿ ಇಲ್ಲದ್ದು. ಅಲ್ಲಿ ಒಲೆ ಉರಿದು ಒಂಬತ್ತು ವರ್ಷವಾಯಿತು.

ನಾನು ಈ ವರ್ಷ ಆ ಊರಿನ ಹೆಸರಿನಲ್ಲಿ ಯಾವ ಅರ್ಜಿಯನ್ನೂ ಬರೆದಿಲ್ಲ. ನನ್ನ ಹೆಸರನ್ನು ಯಾರೋ ಬರೆದುಕೊಂಡಿರಬೇಕು. ಅರ್ಜಿಯ ಗುರುತುಗಳನ್ನು ತೆಳುಕಾಗದದ ಮೇಲೆ ತಿದ್ದಿ ಕಳಿಸಿದರೆ ನೋಡಬಹುದು.

ತಮ್ಮ ಮೋಟಾರು ಸುಖವಾಗಿದೆಯೆಂದು ಭಾವಿಸುತ್ತೇನೆ.

ರಜಾಕ್
ಅರ್ಜಿ ಬರೆಯುವವನು

---

ಹುಣಸೂರು
14 ಆಗಸ್ಟ್ 1927

ರಜಾಕ್,

ತಮಾಷೆ ಸಾಕು. ಮೂರು ಹಾಳೆಯ ಗುರುತುಗಳನ್ನೂ ನಾನೇ ತಿದ್ದಿ ಕಳಿಸಿದ್ದೇನೆ. ಹೆಬ್ಬೆಟ್ಟು ಒಂದೂ ಇಲ್ಲ. ಎಲ್ಲ ಹಳೆಯ ಕ್ರಮದ ಗುರುತುಗಳು: ಒಕ್ಕಲಿಗರದು ನೇಗಿಲು, ಕುರುಬರದು ಕತ್ತರಿ, ಬಡಗಿಯದು ಬಾಚಿ. ಒಬ್ಬೊಬ್ಬರ ನೇಗಿಲೂ ಒಂದೊಂದು ಬಗೆ. ಕೂತು ಕಳ್ಳಗುರುತು ಹಾಕಿದವನ ಕೈಯಲ್ಲಿ ಅರವತ್ತೆರಡು ಬಗೆ ಬರುವುದಿಲ್ಲ. ದೊಡ್ಡಬೀರಯ್ಯ ಎಂಬವನ ನೇಗಿಲಿಗೆ ಹಿಡಿಯೇ ಇಲ್ಲ. ಗೆರೆ ಅರ್ಧಕ್ಕೆ ನಿಂತು ಜಾರಿಹೋಗಿದೆ.

ಬಿಕ್ಕಲಂ ನಿನ್ನದೇ. ಇಸ್ಕೂಲಿನಲ್ಲಿ ನಿನ್ನ ಪಕ್ಕ ಐದು ವರ್ಷ ಕೂತವನು ನಾನು. 'ಜ' ಅಕ್ಷರದ ಬಾಲವನ್ನು ಹಾಗೆ ಸುತ್ತುವವನು ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಮೇಲಿನ ಬರವಣಿಗೆ ಬೇರೆ ಕೈಯದು, ಮಸಿ ಹೊಸದು. ಗುರುತುಗಳ ಮಸಿ ಕಂದಿದೆ.

ನಿನ್ನೆ ಏಜೆಂಟ್ ದೊರೆಗೆ ಆ ಊರು ಖಾಲಿಯಾಗಿದೆಯಂತೆ ಎಂದೆ. ಅವರು ನಕ್ಕು, "ಯಾರು ಹೇಳಿದರು? ಹೋಗಿ ನೋಡಿ," ಎಂದರು.

ನೀನೇ ಹೋಗಿ ನೋಡಿ ಬಾ.

ಶಿವನಂಜಪ್ಪ

---

ಹೆಗ್ಗಡದೇವನಕೋಟೆ
1 ಸೆಪ್ಟೆಂಬರ್ 1927

ಶಿವನಂಜಪ್ಪ,

ಹೋಗಿ ಬಂದೆ. ನೋಡಿದ್ದನ್ನು ನೋಡಿದ ಹಾಗೆಯೇ ಬರೆಯುತ್ತೇನೆ. ನನ್ನ ಊಹೆ ಎಲ್ಲಿದೆಯೋ ಅಲ್ಲಿ ಊಹೆ ಎಂದೇ ಹೇಳುತ್ತೇನೆ.

ಒಬ್ಬನೇ ಹೋಗಲು ಮನಸ್ಸಾಗಲಿಲ್ಲ. ಆ ಊರಿನಲ್ಲಿ ಬದುಕುಳಿದವಳು ಮಲ್ಲಾಜಮ್ಮ ಒಬ್ಬಳೇ. ಸರಗೂರಿನ ಸಂತೆಯಲ್ಲಿ ಎಲೆ ಅಡಿಕೆ ಮಾರುತ್ತಾಳೆ. ದೊಡ್ಡಬೀರಯ್ಯ ಅವಳ ಗಂಡ. ಗುರುತಿನ ಹಾಳೆ ತೋರಿಸಿದೆ. ಹಿಡಿಯಿಲ್ಲದ ನೇಗಿಲಿನ ಮೇಲೆ ಬೆರಳಿಟ್ಟಳು. ಆಮೇಲೆ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಹೊರಟಳು.

ಮಧ್ಯಾಹ್ನ ಎರಡು ಗಂಟೆಗೆ ತಲುಪಿದೆವು. ಬಿರುಬಿಸಿಲು. ಹೋದ ವರ್ಷದವರೆಗೆ ಮೊಂಡುಗೋಡೆ, ಲಂಟಾನದ ಪೊದೆ ಇದ್ದ ಜಾಗ. ಈಗ ಗೋಡೆಗಳಿಗೆ ಸುಣ್ಣ ಬಳಿದಿದೆ. ಹೊಸ ಹುಲ್ಲು ಹೊದಿಸಿದೆ. ಬಾಗಿಲಿಗೊಂದು ನಂಬರು. ಬೀದಿ ಗುಡಿಸಿದೆ. ನಾಯಿ ಇಲ್ಲ, ಕೋಳಿ ಇಲ್ಲ, ಮಕ್ಕಳ ದನಿ ಇಲ್ಲ. ಬೀದಿಯ ಎರಡೂ ಕಡೆ ಜಗಲಿಗಳ ಮೇಲೆ ಗಂಡಸರು, ಕೆಲವು ಹೆಂಗಸರು ಕೂತಿದ್ದರು. ಹೊಸ ಬಟ್ಟೆ ಉಟ್ಟಿದ್ದರು. ಯಾರೂ ಏನೂ ಮಾಡುತ್ತಿರಲಿಲ್ಲ. ನಾವು ನಡೆದಂತೆ ಅವರ ತಲೆ ನಮ್ಮ ಜೊತೆ ತಿರುಗುತ್ತಿತ್ತು.

ಮಲ್ಲಾಜಮ್ಮ ತನ್ನ ಮನೆಯೆದುರು ನಿಂತಳು. ನಡೆದ ಮಾತು ಇದು.

"ಯಾರ್ಲಾ ಒಳ್ಗೆ?"

ಐವತ್ತರ ಸುಮಾರಿನ ಒಬ್ಬ ಹೊರಗೆ ಬಂದ. "ನಾನು ಕಣವ್ವಾ. ದೊಡ್ಡಬೀರಯ್ಯ."

"ಯಾವ ದೊಡ್ಡಬೀರಯ್ಯ?"

"ಸಣ್ಣಬೀರಯ್ಯನ ಮಗ. ಕೆರೆ ಹಿಂದ್ಲ ಎಲ್ಡ್ ಎಕ್ರೆ ನಂದು. ಹೆಂಡ್ರು ಮಲ್ಲಾಜಮ್ಮ."

"ಎಲ್ಲವ್ಳೆ ನಿನ್ನೆಂಡ್ರು?"

"ಸರಗೂರ್ ಸಂತೆಗೋಗವ್ಳೆ. ಬತ್ತಾಳೆ."

"ಬಂದವ್ಳೆ ಕಣೋ," ಎಂದಳು.

ಆತ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಬೆಚ್ಚಲಿಲ್ಲ. "ಅಂಗಾದ್ರೆ ಒಳೀಕ್ ಬಾ. ಬಾಕ್ಲಲ್ಲಿ ಯಾಕ್ ನಿಂತೀಯೆ?" ಎಂದ.

ಅವಳು ಒಳಗೆ ಹೋಗಲಿಲ್ಲ. ಪಕ್ಕದ ಮನೆಯೆದುರು ನಿಂತು "ಚೆಲುವಯ್ಯ" ಎಂದು ಕೂಗಿದಳು. ಒಬ್ಬ "ಓ" ಎಂದ. ಮುಂದಿನ ಮನೆಯಲ್ಲಿ ದಾಸಯ್ಯ "ಓ" ಎಂದ. ಹೀಗೆ ಬೀದಿಯ ಕೊನೆಯವರೆಗೆ. ಕೊನೆಯ ಮನೆಯ ಚಿಕ್ಕಬೀರಮ್ಮನ ಹೆಸರಿಗೆ ಹರೆಯದ ಹುಡುಗಿಯೊಬ್ಬಳು "ಓ" ಎಂದಳು. ನನಗೆ ನೆನಪಿರುವ ಚಿಕ್ಕಬೀರಮ್ಮ ಹಲ್ಲಿಲ್ಲದ ಮುದುಕಿ.

ಊಹೆ ಹೇಳುತ್ತೇನೆ. ಗೂಡಲೂರು ಕಡೆಯ ತೋಟಗಳಿಂದ ಕಂಪನಿ ಆಳುಗಳನ್ನು ತಂದಿದೆ. ಹಳೆಯ ದಾಖಲೆ ನೋಡಿ ಒಬ್ಬೊಬ್ಬರಿಗೆ ಒಂದೊಂದು ಹೆಸರು, ಒಂದೊಂದು ಮನೆ, ಒಂದೊಂದು ಹೊಲ ಕಲಿಸಿದೆ. ಸಂತೆಯ ಮಾತು ಯಾವ ದಾಖಲೆಯಲ್ಲೂ ಇಲ್ಲ. ಆದರೆ ಅಂದು ಸಂತೆಯ ದಿನ. ಯಾರಾದರೂ ಹೇಳಬಹುದಾದ ಮಾತು. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ರಜಾಕ್

---

ಹೆಗ್ಗಡದೇವನಕೋಟೆ
4 ಸೆಪ್ಟೆಂಬರ್ 1927

ಶಿವನಂಜ,

ಮೊನ್ನೆಯ ಕಾಗದದಲ್ಲಿ ಒಂದು ವಿಷಯ ಬಿಟ್ಟಿದ್ದೆ. ಅದನ್ನು ಬಿಟ್ಟು ಉಳಿದದ್ದೆಲ್ಲ ಬರೆದು ಏನು ಪ್ರಯೋಜನ?

ಗುರುತುಗಳು ನಿಜ. ಬಿಕ್ಕಲಂ ನನ್ನದೇ.

ಹದಿನೆಂಟರ ಅಕ್ಟೋಬರಿನಲ್ಲಿ ಮಾದನಕುಪ್ಪೆಯಿಂದ ಮಲ್ಲಾಜಮ್ಮ ನಡೆದು ಬಂದಳು. ಊರೆಲ್ಲ ಮಲಗಿದೆ, ವೈದ್ಯರನ್ನೂ ಅಕ್ಕಿಯನ್ನೂ ಕಳಿಸುವಂತೆ ಸರ್ಕಾರಕ್ಕೆ ಅರ್ಜಿ ಬೇಕು ಎಂದಳು. ನಾನು ಹೋದೆ. ಊರ ಮುಂದಿನ ಹುಣಸೆಮರದ ಹತ್ತಿರ ಹೋದಾಗ ಒಳಗಿನಿಂದ ಕೆಮ್ಮು ಕೇಳಿಸಿತು. ಒಂದು ಮನೆಯದಲ್ಲ, ಇಡೀ ಬೀದಿಯದು. ನನಗೆ ಕಾಲು ಬರಲಿಲ್ಲ.

ನಮ್ಮ ಕೆಲಸದ ನಿಯಮ ನಿನಗೆ ಗೊತ್ತು. ಮೊದಲು ಬರೆಯಬೇಕು, ಓದಿ ಹೇಳಬೇಕು, ಒಪ್ಪಿದ ಮೇಲೆ ಗುರುತು, ಕಟ್ಟಕಡೆಗೆ ಬಿಕ್ಕಲಂ. ನಾನು ಉಲ್ಟಾ ಮಾಡಿದೆ. ಮೂರು ಖಾಲಿ ಹಾಳೆಗಳ ಅಡಿಯಲ್ಲಿ ಮನೆಗಳ ಸಾಲಿನಂತೆ ಯಜಮಾನರ ಹೆಸರು ಬರೆದು, ಬಿಕ್ಕಲಂ ಹಾಕಿ, ಹಾಳೆ, ಮಸಿಕುಡಿಕೆ, ಲೇಖನಿ ಮಲ್ಲಾಜಮ್ಮನ ಕೈಗೆ ಕೊಟ್ಟು ಮನೆಮನೆಗೆ ಕಳಿಸಿದೆ. ಮೇಲಿನ ಬರಹವನ್ನು ಕಚೇರಿಯಲ್ಲಿ ಕೂತು ಬರೆದರಾಯಿತು ಅಂದುಕೊಂಡೆ. ಮಲಗಿದವರ ಕೈಗೆ ಅವಳು ಲೇಖನಿ ಹಿಡಿಸಿದಳು. ಗಂಡನ ನೇಗಿಲು ಅರ್ಧಕ್ಕೆ ನಿಂತದ್ದು ಅದಕ್ಕೇ. ನಾನು ಹುಣಸೆಮರ ದಾಟಲಿಲ್ಲ.

ಮನೆಗೆ ಬಂದವನು ನಾನೂ ಜ್ವರದಲ್ಲಿ ಮಲಗಿದೆ. ಹದಿನೆಂಟು ದಿನ. ಎದ್ದಾಗ ಅರ್ಜಿ ಕೇಳುವವರು ಯಾರೂ ಉಳಿದಿರಲಿಲ್ಲ. ಆ ಹಾಳೆಗಳನ್ನು ಹರಿಯಲು ಕೈ ಬರಲಿಲ್ಲ. ತಾಲ್ಲೂಕು ಕಚೇರಿಯವರು ಗ್ರಾಮವನ್ನು ಬೇಚಿರಾಕ್ ಎಂದು ಬರೆದ ದಿನ, ಅದರ ದಫ್ತರದ ಕಟ್ಟಿನೊಳಗೆ ಸೇರಿಸಿಬಿಟ್ಟೆ. ಅವರ ಅರ್ಜಿ ಅವರ ಊರಿನ ಕಟ್ಟಿನಲ್ಲಾದರೂ ಇರಲಿ ಎಂದು. ಕಂಪನಿಯ ಗುಮಾಸ್ತ ಹೋದ ವರ್ಷ ಆ ಕಟ್ಟು ಬಿಚ್ಚಿ ನೋಡಿದ್ದಾನೆ ಎಂದು ಈಗ ತಿಳಿಯಿತು.

ವೈದ್ಯರನ್ನು ಕೇಳಲು ಹಾಕಿದ ಗುರುತಿನ ಮೇಲೆ ಅವರು ಗೋಮಾಳ ಕೇಳಿದ್ದಾರೆ.

ಇದನ್ನು ಹೇಳಿದರೆ ಅರ್ಜಿ ಬರೆಯಲು ಸರ್ಕಾರ ಕೊಟ್ಟ ನನ್ನ ಸನ್ನದು ಹೋಗುತ್ತದೆ, ಜೈಲೂ ಆಗಬಹುದು. ಹೇಳದಿದ್ದರೆ ಏಳು ಹಳ್ಳಿಯ ದನ ಎಲ್ಲಿ ಮೇಯಬೇಕು? ನೀನು ಅರ್ಜಿ ಓದಬೇಡ.

ರಜಾಕ್

---

ಹುಣಸೂರು
16 ಸೆಪ್ಟೆಂಬರ್ 1927

ರಜಾಕ್,

ನಿನ್ನ ಎರಡೂ ಕಾಗದಗಳನ್ನು ಸುಟ್ಟೆ. ನಿನ್ನ ಒಳ್ಳೆಯದಕ್ಕೇ.

ಹೋದ ಸೋಮವಾರ ಅಮಲ್ದಾರರು ಮಾದನಕುಪ್ಪೆಗೆ ಹೋಗಿ ಹಾಜರಿ ತೆಗೆದುಕೊಂಡರು. ಅರವತ್ತೆರಡು ಹೆಸರು ಕೂಗಿದರು, ಅರವತ್ತೆರಡು ಜನ ಓಗೊಟ್ಟರು. ಅವರ ವರದಿ ಸರ್ಕಾರಕ್ಕೆ ಹೋಗಿದೆ: ಗ್ರಾಮ ವಸತಿಯುಳ್ಳದ್ದು. ಈಗ ದಾಖಲೆಯ ಪ್ರಕಾರ ಅಲ್ಲಿ ಯಾರೂ ಸತ್ತಿಲ್ಲ.

ಇನ್ನೊಂದು ವಿಷಯ. ಗೆದ್ದ ಮೇಲೆ ನಾನು ಓಟಿನ ಪಟ್ಟಿಯನ್ನು ತಿರುವಿಯೂ ನೋಡಿರಲಿಲ್ಲ; ನಿನ್ನ ಕಾಗದ ಬಂದ ಮೇಲೆ ನೋಡಿದೆ. ಮಾದನಕುಪ್ಪೆಯಿಂದ ಐವತ್ತಮೂರು ಓಟು ಬಿದ್ದಿವೆ. ಹಳೆಯ ಖಾತೆದಾರರ ಹೆಸರಿನಲ್ಲಿ. ಐವತ್ತಮೂರೂ ನನಗೆ. ನಾನು ಗೆದ್ದದ್ದು ನಲವತ್ತೊಂದು ಓಟಿನಿಂದ.

ಏಜೆಂಟ್ ದೊರೆಯನ್ನು ಕೇಳಿದೆ. "ನಿಮಗೆ ಈಗ ಗೊತ್ತಾಯಿತೇ?" ಎಂದರು, ಆಶ್ಚರ್ಯಪಟ್ಟಂತೆ. ಮುಂದಿನ ವರ್ಷ ನನ್ನನ್ನು ನ್ಯಾಯವಿಧಾಯಕ ಸಭೆಗೆ ಕಳಿಸುವ ಮಾತನ್ನೂ ಆಡಿದರು. ಬೇರೆ ಮೂರು ತಾಲ್ಲೂಕಿನ ಮೆಂಬರುಗಳ ಹೆಸರನ್ನು ಸಲುಗೆಯಿಂದ ಹೇಳಿದರು, ತಮ್ಮ ಕುದುರೆಗಳ ಹೆಸರು ಹೇಳುವ ಹಾಗೆ.

ನಾನು ಓದದಿದ್ದರೆ ಇನ್ನೊಬ್ಬ ಓದುತ್ತಾನೆ. ನೀನು ಬಾಯಿ ಬಿಟ್ಟರೆ ಜೈಲಿಗೆ ಹೋಗುವವನು ನೀನು, ಕಂಪನಿಯಲ್ಲ. ನಿನ್ನ ಹೆಂಡತಿ ಜೀನತುನ್ನೀಸಾಳ ಮುಖ ನೋಡಿಯಾದರೂ ಸುಮ್ಮನಿರು. ಅರ್ಜಿ ಓದುತ್ತೇನೆ.

ಶಿವನಂಜಪ್ಪ

---

ಹೆಗ್ಗಡದೇವನಕೋಟೆ
28 ಸೆಪ್ಟೆಂಬರ್ 1927

ಶಿವನಂಜ,

ಜೀನತುನ್ನೀಸಾಗೆ ನಿನ್ನ ಕಾಗದ ಓದಿ ಹೇಳಿದೆ. "ನನ್ನ ಮುಖ ಅವರು ನೋಡುವುದು ಬೇಡ, ನೀವು ನಿಮ್ಮ ಮುಖ ನೋಡಿಕೊಳ್ಳಿ," ಎಂದಳು.

ಮಾರ್ಲಾಮಿಯ ದಿನ ನಡೆದದ್ದನ್ನು ನೀನು ತಿಳಿದಿರಬೇಕು. ತೀರಿಕೊಂಡವರಿಗೆ ಎಡೆ ಇಡುವ ಆ ಹಬ್ಬದಲ್ಲಿ ಮಾದನಕುಪ್ಪೆಯವರ ಹೆಸರಿಗೆ ಒಂಬತ್ತು ವರ್ಷದಿಂದ ಎಡೆಯಿಲ್ಲ. ಮಲ್ಲಾಜಮ್ಮ ಏಳು ಹಳ್ಳಿ ಸುತ್ತಿ ಹೆಂಗಸರನ್ನು ಕೂಡಿಸಿದಳು. ಅವರು ಮುದ್ದೆ, ಕೋಳಿಸಾರು, ವಡೆ, ಹೆಂಡ ಎಲ್ಲ ಹೊತ್ತು ತಂದರು. ಇನ್ನೂ ಬಿಸಿಲಿತ್ತು. ಈ ಸಲ ನಾನು ಹುಣಸೆಮರ ದಾಟಿ ಒಳಗೆ ಹೋದೆ.

ಒಂದೊಂದು ಮನೆಯೊಳಗೂ ಒಂದೊಂದು ಎಲೆ ಹಾಕಿ ಬಡಿಸಿದರು. ಆಳುಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರೂ ಹಳ್ಳಿಯವರೇ, ಎಡೆ ಅಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮಲ್ಲಾಜಮ್ಮ ಬೀದಿಯ ನಡುವೆ ನಿಂತು, "ಚೆಲುವಯ್ಯ, ಬಂದು ಉಣ್ಣಪ್ಪ," ಎಂದಳು.

ಚೆಲುವಯ್ಯನೆಂದು ಹೇಳಿಕೊಂಡಿದ್ದವನು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ.

"ಯಾಕ್ಲಾ? ಅವತ್ತು 'ಓ' ಅಂದೆ. ನಿಂದೇ ಎಲೆ, ನಿಂದೇ ಹೆಸ್ರು. ಉಣ್ಣು."

"ನಂಗ್ ಹಸಿವಿಲ್ಲ ಕಣವ್ವಾ," ಎಂದ.

ಅವಳು ಒಂದೊಂದೇ ಹೆಸರು ಕೂಗಿದಳು. ಒಬ್ಬೊಬ್ಬರೇ ಜಗಲಿ ಇಳಿದು ಊರ ಹೊರಗೆ ಹೋಗಿ, ಬೆನ್ನು ತಿರುಗಿಸಿ ನಿಂತರು. ಚಿಕ್ಕಬೀರಮ್ಮನ ಹೆಸರಿನ ಹುಡುಗಿ ಅಳುತ್ತಾ ಓಡಿದಳು. ಅಮಲ್ದಾರರಿಗೆ ಓಗೊಟ್ಟವರು ಎಲೆಯ ಮುಂದೆ ಓಗೊಡಲಿಲ್ಲ.

"ದೊಡ್ಡಬೀರಯ್ಯ, ಬಂದು ಉಣ್ಣು," ಎಂದಳು ಕೊನೆಗೆ.

"ಓ," ಎಂದ ಆತ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಎಡೆಯಿಟ್ಟ ಮೇಲೆ ಸ್ವಲ್ಪ ಹೊತ್ತು ಬಾಗಿಲು ಮುಚ್ಚುವುದು ಪದ್ಧತಿ. ಬಾಗಿಲು ತೆಗೆದಾಗ ಎಲೆ ಬರಿದಾಗಿತ್ತು. ಮೂಳೆ ಕೂಡ ಇರಲಿಲ್ಲ. ಆತ ಗೋಡೆಗೆ ಒರಗಿ ಕೂತಿದ್ದ. ಮಲ್ಲಾಜಮ್ಮನನ್ನು ನೋಡಿ, "ಉಪ್ಪು ಒಂಚೂರು ಕಮ್ಮಿ," ಎಂದ. ಅವಳು ಬಾಗಿಲ ಕಂಬ ಹಿಡಿದುಕೊಂಡಳು.

ಹಸಿದವನು ಉಂಡ ಎಂದು ನಾನು ಬರೆಯಬಹುದು. ಬೇರೆ ಏನನ್ನೂ ಬರೆಯಲು ನನಗೆ ಅಧಿಕಾರವಿಲ್ಲ.

ನನ್ನ ತಪ್ಪನ್ನು ಪೂರ್ತಿ ಹೇಳಿಕೆಯಾಗಿ ಬರೆದು, ಎರಡು ಸಾಕ್ಷಿ ಹಾಕಿಸಿ ಇದರೊಂದಿಗೆ ಕಳಿಸಿದ್ದೇನೆ. ಮೊದಲು ಬರೆದೆ, ಓದಿ ಹೇಳಿದೆ, ಆಮೇಲೆ ರುಜು ಮಾಡಿದೆ. ಇದನ್ನೂ ಸುಡುವುದಾದರೆ ಸುಡು. ಮಲ್ಲಾಜಮ್ಮ ಸಭೆ ನೋಡಲು ಮೈಸೂರಿಗೆ ಬರುತ್ತಾಳೆ.

ರಜಾಕ್

---

ಮೈಸೂರು
14 ಅಕ್ಟೋಬರ್ 1927

ರಜಾಕ್,

ಮೊದಲು ಮುಖ್ಯ ಸುದ್ದಿ. ಅರ್ಜಿ ವಜಾ ಆಗಿದೆ. ಗುತ್ತಿಗೆ ಇಲ್ಲ, ಈ ವರ್ಷವಂತೂ ಇಲ್ಲ. ನನ್ನ ಸ್ಥಾನಕ್ಕೆ ನಾನೇ ರಾಜೀನಾಮೆ ಬರೆದುಕೊಟ್ಟೆ. ನಿನ್ನ ಸನ್ನದು ರದ್ದಾಗುವುದು ಖಂಡಿತ. ಮೊಕದ್ದಮೆ ಬಂದರೆ ವಕೀಲನಾಗಿ ನಾನೇ ನಿಲ್ಲುತ್ತೇನೆ.

ಈಗ ನಡೆದದ್ದು. ಹಿಂದಿನ ದಿನದವರೆಗೂ ನಾನು ಅರ್ಜಿ ಓದುವವನೇ. ಸಂಜೆ ಏಜೆಂಟ್ ದೊರೆ ನನ್ನ ಬಿಡಾರಕ್ಕೆ ಬಂದು ಒಂದು ಹಾಳೆ ಕೊಟ್ಟರು. ಮಾರನೇ ದಿನದ ಪತ್ರಿಕೆಗೆಂದು ಟೈಪು ಮಾಡಿಸಿದ ವರದಿ. ನಾನು ಇನ್ನೂ ಮಾಡದ ಭಾಷಣ ಅದರಲ್ಲಿ ಪೂರ್ತಿ ಇತ್ತು. ಎಲ್ಲಿ ತಡೆದು ನೀರು ಕುಡಿದೆ, ಎಲ್ಲಿ ಸದಸ್ಯರು ಚಪ್ಪಾಳೆ ತಟ್ಟಿದರು ಎಂಬುದೂ ಇತ್ತು. ಓದುತ್ತಾ ಹೋದಂತೆ ಇದನ್ನೆಲ್ಲ ಯಾವಾಗಲೋ ಹೇಳಿ ಮುಗಿಸಿದ್ದೇನೆ ಅನ್ನಿಸಿತು. ಬಾಯಾರಿತು. ಲೋಟಕ್ಕೆ ಕೈಚಾಚಿ, ಹಿಂದಕ್ಕೆಳೆದುಕೊಂಡೆ.

ಸಭೆಯಲ್ಲಿ ಎದ್ದು ನಿಂತು ನಿನ್ನ ಹೇಳಿಕೆಯನ್ನು ಓದಿದೆ. ಅರ್ಜಿದಾರರು ಬದುಕಿಲ್ಲ ಎಂದೆ. ಸರ್ಕಾರದ ಪರ ಉತ್ತರ ಕೊಡುವ ಅಧಿಕಾರಿ ಅಮಲ್ದಾರರ ವರದಿ ಎತ್ತಿ ತೋರಿಸಿ, "ಅರ್ಜಿದಾರರು ಮೇಲೆ ಕೂತಿದ್ದಾರೆ," ಎಂದರು. ನಿಜ. ಕಂಪನಿ ಅವರನ್ನು ಲಾರಿಗಳಲ್ಲಿ ತಂದು ಪ್ರೇಕ್ಷಕರ ಜಾಗದಲ್ಲಿ ಕೂರಿಸಿತ್ತು. ಎಲ್ಲರಿಗೂ ಬಿಳಿ ರುಮಾಲು. ಅವರ ಹಿಂದಿನ ಸಾಲಿನಲ್ಲಿ ಮಲ್ಲಾಜಮ್ಮ.

"ಹೆಸರು ಕೂಗಿ," ಎಂದು ಅಪ್ಪಣೆಯಾಯಿತು. ಕೂಗಿದೆ. ಚೆಲುವಯ್ಯ. ಯಾರೂ ಏಳಲಿಲ್ಲ. ದಾಸಯ್ಯ. ಇಲ್ಲ. ಅರವತ್ತೊಂದು ಹೆಸರು ಕೂಗಿದೆ; ಅರವತ್ತೊಂದು ತಲೆ ತಗ್ಗಿಯೇ ಇತ್ತು. ಸಭೆಯಲ್ಲಿ ಕೆಮ್ಮೂ ಇಲ್ಲ. ಏಜೆಂಟ್ ದೊರೆ ಕೆಂಪಾಗಿ ಹಿಂದೆ ತಿರುಗಿ ನೋಡುತ್ತಿದ್ದರು.

"ದೊಡ್ಡಬೀರಯ್ಯ."

"ಓ. ಇವ್ನಿ ಸ್ವಾಮಿ." ಒಬ್ಬ ಎದ್ದು ನಿಂತ.

ಅಧಿಕಾರಿಯ ಮುಖ ಅರಳಿತು. ತಂದೆಯ ಹೆಸರು ಕೇಳಿದರು, ಹೇಳಿದ. ಹೊಲ ಕೇಳಿದರು, ಹೇಳಿದ. ಹೆಂಡತಿ ಎಂದರು. ಆತ ತಿರುಗಿ ಮಲ್ಲಾಜಮ್ಮನ ಕಡೆ ಕೈ ತೋರಿಸಿದ.

"ಏನಮ್ಮಾ, ಈತ ನಿನ್ನ ಗಂಡನೇ?"

ಅವಳು ಒಂದು ಮಾತಿಗೆ ಹೌದೆಂದರೆ ಒಬ್ಬನಾದರೂ ಅರ್ಜಿದಾರ ಜೀವಂತ. ಒಬ್ಬನಿದ್ದರೆ ಅರ್ಜಿ ನಿಲ್ಲುತ್ತದೆ. ಅವಳು ಎದ್ದು, ಸೆರಗು ಹೊದ್ದು, ಆತನ ಮುಖವನ್ನು ಬಹಳ ಹೊತ್ತು ನೋಡಿದಳು.

"ಊಂ ಬುದ್ಧೀ. ನನ್ ಗಂಡನೇಯ," ಎಂದಳು. "ಸತ್ತು ಒಂಬತ್ ವರ್ಸ ಆಯ್ತು. ಮೊನ್ನೆ ಎಡೆ ಉಂಡವ್ರೆ."

ಯಾರೋ ನಕ್ಕರು. ನಗು ಮಧ್ಯಕ್ಕೇ ನಿಂತಿತು. ಅಧಿಕಾರಿ ಆತನ ಕಡೆ ತಿರುಗಿ, "ಏನಯ್ಯಾ ಇದು? ಈಕೆ ಹೇಳುವುದು ನಿಜವೇ?" ಎಂದು ಗದರಿದರು.

ಆತ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ದಿಟ ಸ್ವಾಮಿ," ಎಂದ.

ನಿನ್ನ
ಶಿವನಂಜ